ಅಕ್ವೇರಿಯಂ ತಳಕ್ಕೆ ಕೆಂಪು ಮಣ್ಣು: ಹದ ಮಾಡುವುದು, ಹಾಸುವುದು, ಉಳಿಸಿಕೊಳ್ಳುವುದು

ಫಿಲ್ಟರ್ ಸರಿಯಿಲ್ಲದಿದ್ದರೆ ನಾಳೆ ಬದಲಿಸಬಹುದು. ಬೆಳಕು ಸಾಲದಿದ್ದರೆ ಇನ್ನೊಂದು ಲೈಟ್ ತಂದು ತೂಗುಹಾಕಬಹುದು. ತಳಕ್ಕೆ ಹಾಸಿದ ಮಣ್ಣು ಮಾತ್ರ ಹಾಗಲ್ಲ. ಅದು ಕೆಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ಗಿಡ ಬೇರು ಬಿಟ್ಟಿರುತ್ತದೆ, ಮೀನು ಓಡಾಡುತ್ತಿರುತ್ತವೆ. ಬದಲಿಸಬೇಕೆಂದರೆ ತೊಟ್ಟಿಯನ್ನೇ ಬರಿದು ಮಾಡಬೇಕು. ಆದರೂ ಶನಿವಾರ ಮಣ್ಣು ತಂದು, ಭಾನುವಾರ ನೀರು ತುಂಬಿಸಿ, ಸೋಮವಾರ ಮೀನು ಬಿಡುವವರೇ ಹೆಚ್ಚು. ಬುಧವಾರದಿಂದ ಮೀನು ತೇಲಲು ಶುರು.

ಇಲ್ಲಿನ ಲೆಕ್ಕವೆಲ್ಲ ಎರಡಡಿ ಉದ್ದ, ಒಂದಡಿ ಅಗಲದ (60×30 ಸೆಂ.ಮೀ.) ತೊಟ್ಟಿಯದು.

1. ಮಣ್ಣು ಆರಿಸುವುದು

ಅಂಗಡಿಯಲ್ಲಿ ಸಿಗುವ ಅಕ್ವಾಸಾಯಿಲ್ (ಗಿಡದ ತೊಟ್ಟಿಗೆಂದೇ ಕಾಳುಕಾಳಾಗಿ ಮಾಡಿದ ಮಣ್ಣು) ಒಳ್ಳೆಯದೇ, ಆದರೆ ಅದು ಮೆದುನೀರಿನ ಮನೆಗೆ ಹೊಂದುವ ವಸ್ತು. ನೀರಿನ ಗಡಸುತನವನ್ನು ಹೀರಿ ಪಿಎಚ್ ಇಳಿಸುವುದು ಅದರ ಗುಣ. ಗಡಸು ಬೋರ್‌ವೆಲ್ ನೀರು ಹಾಕಿದರೆ ಆ ಶಕ್ತಿ ಕೆಲವೇ ತಿಂಗಳಲ್ಲಿ ಮುಗಿದು, ಕೊಟ್ಟ ದುಡ್ಡು ನೀರಿಗೆ ಹೋದಂತೆ. ಒಂದೆರಡು ವರ್ಷದಲ್ಲಿ ಕಾಳುಗಳೂ ಪುಡಿಯಾಗುತ್ತವೆ. ಬೋರ್‌ವೆಲ್ ಮನೆಯವರು ಕೆಳಗೆ ಕೆಂಪು ಮಣ್ಣು, ಮೇಲೆ ಮರಳು ಹಾಸುವುದೇ ಸರಿ.

ಗೊಬ್ಬರ, ಔಷಧಿ ಬೀಳದ ಜಾಗದಲ್ಲಿ ಒಂದಡಿ ಆಳದಿಂದ ಮಣ್ಣು ತೆಗೆಯಿರಿ. ಆರೇಳು ಲೀಟರ್ ಇರಲಿ. ಹದವಾದ ಮೇಲೆ ನಾಲ್ಕು ಲೀಟರ್ ಕೈಗೆ ಸಿಗುತ್ತದೆ. ಕಪ್ಪು ಎರೆ ಮಣ್ಣು ಬೇಡ. ಅದು ನೆನೆದರೆ ಉಬ್ಬುತ್ತದೆ, ಜೊತೆಗೆ ಅದರಲ್ಲಿರುವ ಸುಣ್ಣದ ಹರಳುಗಳು ನೀರನ್ನು ಇನ್ನಷ್ಟು ಗಡುಸು ಮಾಡುತ್ತವೆ. ಕೆರೆಯ ಗೋಡು ಮಣ್ಣು ಹೊಲಕ್ಕೆ ಚಿನ್ನ, ಆದರೆ ಊರ ಚರಂಡಿ ಬಂದು ಸೇರುವ ಕೆರೆಯದ್ದು ತೊಟ್ಟಿಗೆ ವಿಷ. ನರ್ಸರಿಯ ಕುಂಡದ ಮಿಶ್ರಣದಲ್ಲಿ ತೆಂಗಿನ ನಾರಿನ ಪುಡಿ ಇರುತ್ತದೆ, ಅದು ತೇಲುತ್ತದೆ. "ಒಂದು ಹಿಡಿ ಎರೆಗೊಬ್ಬರ ಸೇರಿಸಿ, ಗಿಡ ಚೆನ್ನಾಗಿ ಬರುತ್ತೆ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಗಿಡವೇನೋ ಬರಬಹುದು, ಮೀನು ಕೊಲ್ಲುವ ಅಮೋನಿಯಾ ಅದಕ್ಕಿಂತ ಮೊದಲೇ ಬರುತ್ತದೆ.

2. ಮರಳು

ರಾಗಿ ಕಾಳಿಗಿಂತ ಸಣ್ಣದಾಗಬಾರದು, ಸಾಸಿವೆ ಕಾಳಿಗಿಂತ ಬಹಳ ದಪ್ಪವಾಗಬಾರದು. ಅಂದರೆ 1ರಿಂದ 2 ಮಿ.ಮೀ. ಹಿಟ್ಟಿನಂಥ ನುಣುಪು ಮರಳು ಗಟ್ಟಿಯಾಗಿ ಕೂತು ಬೇರಿಗೆ ಉಸಿರು ಬಿಡುವುದಿಲ್ಲ. ಕಡಲೆ ಗಾತ್ರದ ಜಲ್ಲಿಯ ಸಂದಿಯಿಂದ ಮಣ್ಣು ಮೇಲೆದ್ದು ಬರುತ್ತದೆ. ಎಂ-ಸ್ಯಾಂಡ್ ಬಿಟ್ಟು ಬೇರೆ ಸಿಗದಿದ್ದರೆ ಹಿಟ್ಟಿನ ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದ ಕಲ್ಲುಪುಡಿ ಎಸೆದು, ಮೇಲೆ ಉಳಿದದ್ದನ್ನು ಬಳಸಿ. 15 ಕೆ.ಜಿ. ತನ್ನಿ.

ಒಂದು ಚಮಚ ಒಣ ಮರಳಿನ ಮೇಲೆ ವಿನೆಗರ್ ಹನಿಸಿ ಕಿವಿಗೆ ಹತ್ತಿರ ಹಿಡಿಯಿರಿ. ಚುರುಚುರು ಸದ್ದು, ಸಣ್ಣ ಗುಳ್ಳೆ ಕಂಡರೆ ಅದರಲ್ಲಿ ಸುಣ್ಣವಿದೆ. ಕಡಲ ದಂಡೆಯ ಮರಳು ಕಪ್ಪೆಚಿಪ್ಪಿನ ಚೂರಿನಿಂದಾಗಿ ಇಲ್ಲೇ ಫೇಲ್. ಅಂಗಡಿಯವರು ಚೆಂದಕ್ಕೆಂದು ಕೊಡುವ ಬಿಳಿ ಮಾರ್ಬಲ್ ಚಿಪ್ಸ್ ಕೂಡ ಸುಣ್ಣವೇ. ನೀಲಿ, ಗುಲಾಬಿ ಬಣ್ಣ ಬಳಿದ ಕಲ್ಲಿನ ಬಗ್ಗೆ ಮಾತೇ ಬೇಡ.

ಮರಳನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ, ಹತ್ತು ಹದಿನೈದು ಬಕೆಟ್ ನೀರು ಬೇಕು.

3. ಮಣ್ಣು ಹದ ಮಾಡುವುದು

ಕೆಡುವುದು ಇಲ್ಲಿ. ಹಸಿ ಮಣ್ಣಿನಲ್ಲಿ ಕೊಳೆಯದ ಬೇರು, ಎಲೆ, ಕಣ್ಣಿಗೆ ಕಾಣದ ಸಾವಯವ ಪದಾರ್ಥ ಇರುತ್ತವೆ. ಅವನ್ನು ನೇರವಾಗಿ ಮರಳಿನಡಿ ಮುಚ್ಚಿದರೆ ಗಾಳಿಯಿಲ್ಲದೆ ಕೊಳೆತು ನೀರಿಗೆ ಅಮೋನಿಯಾ ಬಿಡುತ್ತವೆ. ಆ ಕೊಳೆಯುವ ಕೆಲಸವನ್ನು ತೊಟ್ಟಿಯ ಹೊರಗೇ, ಗಾಳಿಯಲ್ಲೇ ಮುಗಿಸಿಬಿಡುವುದು ಹದ ಮಾಡುವುದರ ಅರ್ಥ.

ಮೊದಲು ಮಣ್ಣನ್ನು ಬಕೆಟ್‌ಗೆ ಹಾಕಿ, ನಾಲ್ಕು ಬೆರಳು ಮೇಲೆ ನಿಲ್ಲುವಂತೆ ನೀರು ಸುರಿದು ಕೈಯಿಂದ ಕಲಸಿ. ತೇಲುವುದನ್ನೆಲ್ಲ ತೆಗೆಯಿರಿ. ಎರಡು ದಿನ ಬಿಟ್ಟು, ಮೇಲಿನ ನೀರನ್ನು ಅಲುಗಿಸದೆ ಬಗ್ಗಿಸಿ. ಮೊದಲ ಸಲ ಅದು ಚಹಾ ಡಿಕಾಕ್ಷನ್ನಿನಂತೆ ಇರಬಹುದು. ಉಳಿದ ಕೆಸರನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಬೆರಳು ದಪ್ಪಕ್ಕೆ ಹರಡಿ ಬಿಸಿಲಿಗಿಡಿ. ದಪ್ಪವಾಗಿ ಹರಡಿದರೆ ಮೇಲೆ ಒಣಗಿ ಒಳಗೆ ಹಸಿಯಾಗೇ ಇರುತ್ತದೆ. ಅವಸರದವರ ತಪ್ಪು ಇದೇ. ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ಪುಡಿಮಾಡಿ ಮತ್ತೆ ನೆನೆಹಾಕಿ. ಹೀಗೆ ನಾಲ್ಕು ಸುತ್ತು. ಬೇಸಿಗೆಯಲ್ಲಿ ಮೂರು ವಾರ ಸಾಕು, ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಓವನ್‌ನಲ್ಲಿ ಒಣಗಿಸುವ ಅಡ್ಡದಾರಿ ಉಪಯೋಗಕ್ಕಿಲ್ಲ, ಏಕೆಂದರೆ ಕೆಲಸ ಮಾಡಬೇಕಾದ ಸೂಕ್ಷ್ಮಜೀವಿಗಳೇ ಅಲ್ಲಿ ಸತ್ತುಹೋಗುತ್ತವೆ.

ನೆನೆಸಿದ ನೀರಿಗೆ ಬಣ್ಣ ಬರದಿದ್ದರೆ, ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆಯಷ್ಟೇ ಇದ್ದರೆ ಹದವಾಯಿತು. ಹುಳಿ ವಾಸನೆ ಬಂದರೆ ಇನ್ನೊಂದು ಸುತ್ತು. ಕೊನೆಗೆ 2 ಮಿ.ಮೀ. ಜರಡಿ ಹಿಡಿದು, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗುವಷ್ಟು ನೀರು ಹಾಕಿ ಕಲಸಿ.

4. ಹಾಸುವುದು

ಮಣ್ಣು 2.5 ಸೆಂ.ಮೀ. ದಪ್ಪ, ಅದಕ್ಕಿಂತ ಹೆಚ್ಚು ಬೇಡ. ನಾಲ್ಕೂ ಕಡೆ ಗಾಜಿನಿಂದ 3 ಸೆಂ.ಮೀ. ಬಿಟ್ಟು ಹಾಸಿ, ಆ ಅಂಚಿಗೆ ಮರಳು ತುಂಬಿ. ಹೊರಗಿನಿಂದ ಕೆಸರು ಕಾಣುವುದಿಲ್ಲ, ಗಾಜಿನ ಪಕ್ಕದ ಮಣ್ಣಿಗೆ ಬೆಳಕು ತಾಗಿ ಪಾಚಿ ಕಟ್ಟುವುದೂ ಇಲ್ಲ. ಮೇಲೆ ಮರಳು ಮುಂದೆ 3, ಹಿಂದೆ 5 ಸೆಂ.ಮೀ.

ನೀರು ಸುರಿಯುವಾಗ ಬಕೆಟ್ ಎತ್ತಿ ಬಗ್ಗಿಸಿದರೆ ಮೂರು ವಾರದ ಶ್ರಮ ಒಂದೇ ನಿಮಿಷದಲ್ಲಿ ರಾಡಿ. ಮರಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಅದರ ಮೇಲೊಂದು ಊಟದ ತಟ್ಟೆ ಇಟ್ಟು, ಮಗ್ಗಿನಿಂದ ತಟ್ಟೆಗೆ ಸುರಿಯಿರಿ. ಮರಳಿನ ಮೇಲೆ ಎರಡು ಬೆರಳು ನೀರು ನಿಂತಾಗ ನಿಲ್ಲಿಸಿ, ಚಿಮಟದಿಂದ ಗಿಡ ನೆಟ್ಟು, ಆಮೇಲೆ ಉಳಿದ ನೀರು. ಮೊದಲ ದಿನವೇ ದಟ್ಟವಾಗಿ ನೆಡಿ, ಏಕೆಂದರೆ ಬರಿಯ ಮಣ್ಣು ಕೊಳೆಯುತ್ತದೆ, ಬೇರಿರುವ ಮಣ್ಣು ಕೆಲಸ ಮಾಡುತ್ತದೆ. ಕ್ರಿಪ್ಟೊಕೋರಿನ್, ವ್ಯಾಲಿಸ್ನೇರಿಯಾ, ಸ್ವೋರ್ಡ್ ಪ್ಲಾಂಟ್ ಬೇರಿನಿಂದ ಉಣ್ಣುವ ಗಿಡಗಳು. (ಕ್ರಿಪ್ಟೊಕೋರಿನ್‌ನ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇವೆ. ಹಾಗಂತ ಕಿತ್ತು ತರಬೇಡಿ, ನರ್ಸರಿಯಲ್ಲಿ ಬೆಳೆಸಿದ್ದು ಸಿಗುತ್ತದೆ.) ಅನೂಬಿಯಾಸ್, ಜಾವಾ ಫರ್ನ್ ಗೆಡ್ಡೆಯನ್ನು ಹೂತರೆ ಕೊಳೆಯುತ್ತದೆ, ಅವನ್ನು ಕಲ್ಲಿಗೋ ಮರದ ತುಂಡಿಗೋ ಕಟ್ಟಿ.

ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿ, ಮುಂದಿನ ಎರಡು ವಾರ ವಾರಕ್ಕೆರಡು ಸಲ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಹುಟ್ಟುವ ಇನ್ನೊಂದು ವಿಷ ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಮೋಸ ಹೋಗಬೇಡಿ, ಅಮೋನಿಯಾಕ್ಕೆ ಬಣ್ಣವಿಲ್ಲ.

5. ಆಮೇಲಿನ ಆರೈಕೆ

ಸೈಫನ್ ಪೈಪನ್ನು ಮರಳಿನೊಳಗೆ ಚುಚ್ಚಬಾರದು, ಒಂದು ಸೆಂ.ಮೀ. ಮೇಲೆ ತೇಲಿಸುತ್ತ ಕಸವನ್ನಷ್ಟೇ ಎಳೆಯಬೇಕು. ಒಂದು ವರ್ಷ ಕಳೆದು ಹೊಸ ಎಲೆ ಸಣ್ಣದಾಗುತ್ತ, ಹಳೆ ಎಲೆ ಹಳದಿಯಾಗುತ್ತ ಬಂದರೆ ಬೇರಿನ ಗುಳಿಗೆಯನ್ನು (ಅಕ್ವೇರಿಯಂ ಗಿಡಕ್ಕೆಂದೇ ಮಾಡಿದ ಗೊಬ್ಬರದ ಮಾತ್ರೆ) ಚಿಮಟದಿಂದ ಮಣ್ಣಿನ ಪದರದವರೆಗೆ ಒತ್ತಿ. ಒಂದು ಗೇಣಿಗೊಂದು ಗುಳಿಗೆ, ಮೂರು ತಿಂಗಳಿಗೊಮ್ಮೆ. ಯೂರಿಯಾ ತುಂಬಿ ಮನೆಯಲ್ಲೇ ಮಾಡುವ ಗುಳಿಗೆ ಮೀನು ಕೊಲ್ಲುವ ಅಗ್ಗದ ದಾರಿ.

ಮರಳಿನಿಂದ ಗುಳ್ಳೆ ಏಳುವುದಕ್ಕೆ ಹೆದರಬೇಕಿಲ್ಲ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಮಾತ್ರ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷವಾದ ಅನಿಲ. ಆಗ ತೆಳ್ಳನೆಯ ಬಿದಿರು ಕಡ್ಡಿಯನ್ನು ನಿಧಾನವಾಗಿ ಚುಚ್ಚಿ ತೆಗೆಯಿರಿ. ದಿನಕ್ಕೆ ಕಾಲು ಭಾಗದಷ್ಟು ಜಾಗ ಸಾಕು, ಚುಚ್ಚಿದ ಮೇಲೆ ಮೂರನೇ ಒಂದು ಪಾಲು ನೀರು ಬದಲಿಸಿ. ಮಲೇಷಿಯನ್ ಟ್ರಂಪೆಟ್ ಬಸವನಹುಳು ನಾಲ್ಕೈದು ಬಿಟ್ಟರೆ ಮರಳನ್ನು ಅವೇ ಕೆದಕುತ್ತಿರುತ್ತವೆ. ಊಟ ಹೆಚ್ಚು ಹಾಕಿದರೆ ನಾಲ್ಕೈದು ನಾನೂರಾಗುತ್ತವೆ, ಅದು ಬೇರೆ ಮಾತು.

ಬೇಡವಾದ ಗಿಡವನ್ನು ಬೇರುಸಹಿತ ಎಳೆಯಬೇಡಿ. ಕಾಂಡದ ಗಿಡವನ್ನು ಬುಡದಲ್ಲಿ ಕತ್ತರಿಸಿ, ಬೇರು ಅಲ್ಲೇ ಇರಲಿ. ಕ್ರಿಪ್ಟೊಕೋರಿನ್‌ನಂಥದ್ದನ್ನು ಸ್ಥಳ ಬದಲಿಸಲೇಬೇಕಾದರೆ, ಸುತ್ತ ಉದ್ದನೆಯ ಚಾಕು ಇಳಿಸಿ ಬೇರು ಕತ್ತರಿಸಿ, ಒಂದು ಕೈಯಲ್ಲಿ ಗಿಡವನ್ನು ಮೆಲ್ಲಗೆ ಮೇಲೆತ್ತುತ್ತ, ಇನ್ನೊಂದು ಕೈಯಲ್ಲಿ ಸೈಫನ್ ಪೈಪನ್ನು ಬುಡಕ್ಕೇ ಹಿಡಿದಿರಿ. ಎದ್ದ ಕೆಸರು ಹರಡುವ ಮೊದಲೇ ಬಕೆಟ್ ಸೇರುತ್ತದೆ. ಗುಂಡಿಗೆ ಒಂದು ಹಿಡಿ ತೊಳೆದ ಮರಳು ಹಾಕಿ ಮುಚ್ಚಿ. ಅದಕ್ಕೆಂದೇ ಎರಡು ಕೆ.ಜಿ. ಮರಳು ಮನೆಯಲ್ಲಿ ಎತ್ತಿಟ್ಟಿರಿ.