ಒಳ್ಳೆಮೆಣಸು ಇಟ್ಟು ಮಾರಿದ ಲೆಕ್ಕ: ನನ್ನ ಅನುಭವ

ಒಳ್ಳೆಮೆಣಸು, ಅಂದರೆ ಕರಿಮೆಣಸು, ಯಾವಾಗ ಮಾರಬೇಕು ಅಂತ ನಾನು ಈಗ ಮಂಗಳೂರು ಬಂದರಿನ ಅಂಗಡಿಯವರನ್ನು ಕೇಳುವುದಿಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಕೂತು ವಿಯೆಟ್ನಾಂ ರಫ್ತು ದರ ಹಿಡಿದು ಲೆಕ್ಕ ಹಾಕುತ್ತೇನೆ. ಇದನ್ನು ಕೇಳಿ ನಮ್ಮ ಭಾವ ಕಾರ್ಕಳದಲ್ಲಿ ನಾಲ್ಕು ಜನರ ಎದುರೇ ನಕ್ಕಿದ್ದರು. "ವಿಯೆಟ್ನಾಂ ದರ ನೋಡಿ ಮೆಣಸು ಮಾರುವುದಾ ಮಾರಾಯ?" 2024ರ ಮಾರ್ಚಿನಲ್ಲಿ ಸೊಸೈಟಿ ಸಾಲ ಕಟ್ಟುವ ಗಡಿಬಿಡಿಯಲ್ಲಿ ಅವರು ಕೆಜಿಗೆ 500ರ ಆಸುಪಾಸಿಗೆ ಪೂರ್ತಿ ಖಾಲಿ ಮಾಡಿದರು. ನಾನು ಜೂನಿನಲ್ಲಿ 650ರ ಮೇಲೆ ಕೊಟ್ಟೆ. ಈಗ ಶನಿವಾರ ಬಂದರೆ ಅವರದ್ದೇ ಫೋನು.

ಮೊದಲು ಪೆಟ್ಟು ತಿಂದದ್ದೂ ಕಡಿಮೆ ಇಲ್ಲ. 2016ರ ಹೊತ್ತಿಗೆ ಕೆಜಿಗೆ 700ರ ಹತ್ತಿರ ಇತ್ತು. ಇನ್ನೂ ಏರುತ್ತದೆ ಅಂತ ನಾಲ್ಕು ಕ್ವಿಂಟಾಲ್ ಅಟ್ಟಕ್ಕೆ ಹಾಕಿದೆ. ದರ ಇಳಿಯಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆಮದಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ದರ ನಿಗದಿ ಮಾಡಿತು. ಇನ್ನು 500ಕ್ಕಿಂತ ಕೆಳಗೆ ಹೋಗುವುದೇ ಇಲ್ಲ ಅಂತ ಊರೆಲ್ಲ ಸುದ್ದಿ. ಕಡೆಗೆ ಮಾರಿದ್ದು 330ಕ್ಕೋ 340ಕ್ಕೋ. ಒಂದೂವರೆ ಲಕ್ಷ ಹೋಯಿತು, ಚಿನ್ನದ ಸಾಲದ ಬಡ್ಡಿ ಬೇರೆ.

ಆ 500 ಬಂದರಿನಲ್ಲಿ ಇಳಿಯುವ ಮಾಲಿಗೆ ಹಾಕಿದ ಬೇಲಿ, ನಮಗೆ ಕೊಡುವ ಬೆಲೆ ಅಲ್ಲ. ಎಣ್ಣೆ ತೆಗೆದು ರಫ್ತು ಮಾಡುವ ಕಾರ್ಖಾನೆಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕಡಿಮೆ ಬೆಲೆಯ ಮಾಲಿಗೆ ಬಿಲ್ಲಿನಲ್ಲಿ 500 ತೋರಿಸಿ ತರುವ ದಾರಿಯೂ ಇದೆ. ಹೊರಗೆ ದರ ಕುಸಿಯುವಾಗ ದೆಹಲಿಯ ಆದೇಶ ನಂಬಿ ಕೂತರೆ ಅಟ್ಟ ತುಂಬಿರುತ್ತದೆ, ಕಿಸೆ ಖಾಲಿ.

ಲೆಕ್ಕ ಇಷ್ಟೇ. ವಿಯೆಟ್ನಾಂ ರಫ್ತು ದರ ಟನ್ನಿಗೆ ಇಷ್ಟು ಡಾಲರ್ ಅಂತ ಸಿಗುತ್ತದಲ್ವಾ, ಅದನ್ನು ರೂಪಾಯಿಗೆ ತನ್ನಿ. ಅಲ್ಲಿಂದ ನೇರ ತಂದರೆ ಆಸಿಯಾನ್ (ಆಗ್ನೇಯ ಏಷ್ಯಾದ ದೇಶಗಳ ಜೊತೆಗಿನ) ಒಪ್ಪಂದದಲ್ಲೂ ಸುಂಕ ಶೇಕಡಾ 50ರ ಆಸುಪಾಸು. ಶ್ರೀಲಂಕಾದ ಮಾಲಿಗೆ ಸಾಫ್ಟಾ ಅನ್ನುವ ದಕ್ಷಿಣ ಏಷ್ಯಾ ವ್ಯಾಪಾರ ಒಪ್ಪಂದದಲ್ಲಿ 8 ಮಾತ್ರ. ಅದರ ಮೇಲೆ ವರ್ಷಕ್ಕೆ 2,500 ಟನ್ ಸುಂಕವೇ ಇಲ್ಲದೆ ಬರಬಹುದು. ಹಾಗಾಗಿ ಹೊರಗಿನ ಮಾಲು ಸುಂಕ ಕಡಿಮೆ ಇರುವ ದಾರಿಯಲ್ಲೇ ಬರುತ್ತದೆ ಅಂತ ಹಿಡಿದು ನಾನು ಸೇರಿಸುವುದು 8. ಸಾಗಾಟಕ್ಕೆ ಅಂತ ಇನ್ನೊಂದು ಅಂಕಿ ಸೇರಿಸುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬಂದದ್ದನ್ನು ನಮ್ಮ ದರದ ಪಕ್ಕ ಇಟ್ಟು ನೋಡುತ್ತೇನೆ: ನಮ್ಮದು ಬಹಳ ಮೇಲಿದ್ದರೆ ಸ್ವಲ್ಪ ಮಾರುವುದು, ಅಂತರ ಕಡಿಮೆಯಾದರೆ ಕಾಯುವುದು.

ಹೊರಗಿನ ದರ ಮೂರು ತಿಂಗಳು ಇಳಿಯುತ್ತಲೇ ಇದ್ದರೆ ಏನೂ ನೋಡದೆ ಮಾರುತ್ತೇನೆ. 2023ರ ಆಗಸ್ಟಿನಲ್ಲಿ ನಮ್ಮದು 600 ದಾಟಿತ್ತು, ಹೊರಗಿನದು ಬಹಳ ಹಿಂದೆ ಇತ್ತು. ಮೂರರಲ್ಲಿ ಒಂದು ಪಾಲು ಕೊಟ್ಟೆ. ಮುಂದಿನ ಮಾರ್ಚಿಗೆ ನಮ್ಮದು ಇಳಿದು ಅವರದು ಏರಿ, ಅಂತರ ಅರ್ಧಕ್ಕೆ ಬಂತು. ವಿಯೆಟ್ನಾಂನಲ್ಲಿ ಎಷ್ಟೋ ಜನ ಮೆಣಸಿನ ಜಾಗದಲ್ಲಿ ಕಾಫಿ, ದುರಿಯನ್ ಹಾಕಿದ್ದಾರೆ ಅಂತಲೂ ಗೊತ್ತಿತ್ತು. ಮಾರದೆ ಕೂತೆ. ಜೂನಿನಲ್ಲೂ ಲೆಕ್ಕ ಕೂತಿರು ಅಂದಿತ್ತು, ಆದರೆ ಮಗಳ ಕಾಲೇಜಿನ ಫೀಸು ಕಾಯುವುದಿಲ್ಲವಲ್ಲ.

ಹೀಗೆ ಕೂರಬೇಕಾದರೆ ಮಾರ್ಚಿನಲ್ಲಿ ಕೈಯಲ್ಲಿ ದುಡ್ಡು ಬೇಕು. ಅದಕ್ಕೆ ಹಿಂದಿನ ವರ್ಷದ ಚಾಲಿ (ಒಣಗಿಸಿ ಸುಲಿದ) ಅಡಿಕೆ ಸ್ವಲ್ಪ ಉಳಿಸಿ, ಹಳೆ ಅಡಿಕೆಯ ದರಕ್ಕೆ ಕೊಟ್ಟು ಸಾಲ ಕಟ್ಟುತ್ತೇನೆ. ಮೆಣಸಿಗೆ ಮಳೆಗಾಲದ ಮೊದಲು ಇನ್ನೊಂದು ಬಿಸಿಲು, ಒಳಗೆ ಪ್ಲಾಸ್ಟಿಕ್ ಇರುವ ಗೋಣಿ. ಒಂದು ವರ್ಷ ಬರೀ ಗೋಣಿಯಲ್ಲಿಟ್ಟು ಅರ್ಧ ಕ್ವಿಂಟಾಲ್ ಬೂಸ್ಟು ಹಿಡಿದಿತ್ತು.

    

ಇದೇ ಲೆಕ್ಕ ಅಡಿಕೆಗೆ ಹಾಕಿದರೆ ಕೂಡಿಬರುವುದಿಲ್ಲ. 2023ರ ಫೆಬ್ರವರಿಯಿಂದ ಅದಕ್ಕೆ ಕನಿಷ್ಠ ಆಮದು ದರ ಕೆಜಿಗೆ 351. ಆದರೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಆ ಕಟ್ಟು ಇಲ್ಲ. ಹುರಿದ ಅಡಿಕೆ ಅಂತ ಬರುತ್ತಿದ್ದದ್ದಕ್ಕೂ 2025ರಲ್ಲಿ ಕಟ್ಟು ಹಾಕಿದರು. ಕಳ್ಳದಾರಿಯಲ್ಲಿ ಬರುವುದು ಎಷ್ಟು, ಯಾವ ದರಕ್ಕೆ ಅಂತ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಡಿಕೆಯನ್ನು ಮಾತ್ರ ಈಗಲೂ ಅಪ್ಪ ಮಾರುತ್ತಿದ್ದ ಹಾಗೆಯೇ ತಿಂಗಳಿಗೆ ಇಷ್ಟು ಅಂತ ಮಾರುತ್ತೇನೆ.