ನಿಂತೇ ಸುಟ್ಟ ಕೊಮಾಇನು ಜೋಡಿ: ನನ್ನ ಅನುಭವ

ಹೋದ ತಿಂಗಳು ಕಿಲ್ನ್ (ಮಣ್ಣಿನ ಸಾಮಾನು ಸುಡುವ ಗೂಡು) ಬಾಗಿಲು ತೆಗೆದಾಗ ನಾನು ಮಣ್ಣಲ್ಲಿ ಮಾಡಿದ ಎರಡೂ ಕೊಮಾಇನು, ಅಂದರೆ ಜಪಾನಿನ ಗುಡಿಗಳನ್ನು ಜೋಡಿಯಾಗಿ ಕಾಯುವ ಸಿಂಹದಂಥ ನಾಯಿಗಳು, ನಿಂತೇ ಇದ್ದವು. ಎಂಟು ಕಾಲಲ್ಲಿ ಒಂದೂ ಬಾಗಿರಲಿಲ್ಲ. ಕುಂಬಾರಿಕೆಗೆ ಹೆಸರಾದ ಜಪಾನಿನ ಸೆತೊ ಊರಲ್ಲಿ ನನಗೆ ಕೆಲಸಕ್ಕೆ ಜಾಗ ಕೊಟ್ಟ ಹಿರಿಯರು ಹೊಟ್ಟೆ ಕೆಳಗೆ ಬಗ್ಗಿ ನೋಡಿ, ಏನೂ ಹೇಳದೆ ಟೀ ಕುಡಿಯಲು ಹೋದರು. ಎರಡು ವರ್ಷ "ಕೂರಿಸಿ ಮಾಡಪ್ಪಾ" ಅಂದಿದ್ದು ಅವರೇ!

ಅವರ ಮಾತೇನೂ ಸುಳ್ಳಲ್ಲ. ಗುಡಿಗೆ ಒಪ್ಪಿಸಲು ಇಲ್ಲಿ ಐದಾರು ನೂರು ವರ್ಷದಿಂದ ಕೊಮಾಇನು ಮಾಡುತ್ತಾರೆ. ಹಳೆಯವು ಹೆಚ್ಚಾಗಿ ಕುಳಿತವೇ. 1250 ಡಿಗ್ರಿಯಲ್ಲಿ ಮಣ್ಣು ಮೆತ್ತಗಾಗುತ್ತದೆ, ಕುಂಡೆ ನೆಲಕ್ಕಿದ್ದರೆ ಭಾರ ತಡೆಯುತ್ತದೆ.

ನನ್ನ ಮೊದಲ ಜೋಡಿ ಅಷ್ಟು ದೂರವೂ ಹೋಗಲಿಲ್ಲ. ಬಾಯಿ ತೆರೆದದ್ದು 'ಆ', ಮುಚ್ಚಿದ್ದು 'ಉನ್', ನಮ್ಮ ಓಂಕಾರದ ನೆಂಟರು. 'ಆ' ಚೆನ್ನಾಗಿ ಆರಿತ್ತು. 'ಉನ್' ಬಾಯಿ ಮುಚ್ಚಿತ್ತಲ್ಲ, ಒಳಗೆ ಹಸಿ ಉಳಿದಿತ್ತು. ಬಿಸ್ಕ್‌ನಲ್ಲಿ, ಅಂದರೆ ಮೊದಲ ಸುಡುವಿಕೆಯಲ್ಲಿ, ನೂರು ಡಿಗ್ರಿ ದಾಟಿದ್ದೇ ತಡ, ಸಿಡಿಯಿತು. ಪಕ್ಕದಲ್ಲಿದ್ದ ಬೇರೆಯವರ ಬಟ್ಟಲುಗಳೂ ಹೋದವು. ಸುಮಾರು 18,000 ಯೆನ್ ದಂಡ ಕಟ್ಟಿದೆ. ಈಗ ಕಿವಿಯೊಳಗೆ, ಬಾಲದ ಕೆಳಗೆ ತೂತು ಬಿಟ್ಟು ಮೂರು ವಾರ ಆರಿಸುತ್ತೇನೆ.

ಆಮೇಲೆ ಕಾಲಿನ ಕಾಟ. ದಪ್ಪ ಮಾಡಿದೆ, ಭುಜದ ಹತ್ತಿರ ಬಿರುಕು ಬಿಟ್ಟಿತು. ಹೊಟ್ಟೆಗೆ ಇಟ್ಟಿಗೆ ಆನಿಸಿದೆ. ಮಣ್ಣು ನೂರಕ್ಕೆ ಹನ್ನೆರಡು ಪಾಲು ಕುಗ್ಗುತ್ತದೆ, ಇಟ್ಟಿಗೆ ಕುಗ್ಗುತ್ತದೆಯೇ? ಕಾಲುಗಳು ಇಳಿದವು, ಹೊಟ್ಟೆ ಇಟ್ಟಿಗೆ ಮೇಲೆ ಸೀಳಿತು. ಕೊನೆಗೆ ಅದೇ ಮಣ್ಣಿನಲ್ಲಿ, ಅದೇ ದಿನ ಒಂದು ಕಂಬ ಮಾಡಿ ಹೊಟ್ಟೆಗೆ ಕೊಟ್ಟೆ. ಕೆಳಗಿನ ಹಲಗೆಯೂ ಅದೇ ಮಣ್ಣು. ಎಲ್ಲವೂ ಒಟ್ಟಿಗೆ ಕುಗ್ಗಿದವು. "ಕಂಬ ಅಂಟಿಕೊಳ್ಳುತ್ತೆ ನೋಡು" ಅಂತ ಎಲ್ಲರೂ ನಕ್ಕಿದ್ದರು. ಅಂಟಲಿಲ್ಲ. ನಡುವೆ ಅಲ್ಯೂಮಿನಾ ಬಳಿಯುತ್ತೇನೆ, ಈ ಬಿಸಿಗೆ ಕರಗದ ಬಿಳಿ ಪುಡಿ ಅದು. ಅದಕ್ಕೆ ಇನ್ನೇನು ಬೆರೆಸುತ್ತೇನೆ ಅಂತ ಮಾತ್ರ ಕೇಳಬೇಡಿ, ಎರಡು ವರ್ಷದ ದುಡ್ಡು ಅದರಲ್ಲಿದೆ.

ಗ್ಲೇಜ್ (ಗಾಜಿನಂಥ ಮೇಲ್ಲೇಪ) ಸೌದೆ ಬೂದಿಯದು, ಫೆಲ್ಡ್‌ಸ್ಪಾರ್ ಕಲ್ಲಿನ ಪುಡಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ಕೇಸರದ ಗೀರುಗಳಲ್ಲಿ ಇಳಿದು ನಿಂತು ಹಸಿರಾಯಿತು. ಕಣ್ಣಿಗೆ ಒಂದು ಚುಕ್ಕೆ ಕಬ್ಬಿಣ, ಅಷ್ಟೇ.

ನಡುವೆ ಸುಮ್ನೆ ಇರಲಾರದೆ ಭತ್ತದ ಹುಲ್ಲಿನ ಬೂದಿಯನ್ನೂ ನೋಡಿದೆ. ಒಂದು ಹೊರೆ ಸುಟ್ಟರೆ ಎರಡು ಬೊಗಸೆ ಬೂದಿ. ಹಾಲಿನಂಥ ಬಿಳಿ ಬಂತು ನಿಜ, ಆದರೆ ಹಲ್ಲು, ಮೂಗು ಎಲ್ಲ ಮುಚ್ಚಿಹೋಗಿ ಮಜ್ಜಿಗೆ ಗಡಿಗೆಗೆ ಬಿದ್ದ ನಾಯಿಯಂತೆ ಕಂಡಿತು. ಬಟ್ಟಲಿಗಾದರೆ ಅದೇ ಗ್ಲೇಜ್ ಬಲು ಚೆಂದ.

ಒಟ್ಟು ಖರ್ಚು? ಐದಾರು ಸಲ ಸುಟ್ಟಿದ್ದೇನೆ, ಸಲಕ್ಕೆ 12-13 ಸಾವಿರ ಯೆನ್ ಕಿಲ್ನ್ ಬಾಡಿಗೆ. ಮಣ್ಣು, ದಂಡ ಸೇರಿ ಒಂದು ಲಕ್ಷ ದಾಟಿರಬೇಕು. ಬಂದದ್ದು 6,000. ಅದೂ ಆ ಮಜ್ಜಿಗೆ ನಾಯಿಗೇ! ಜೋಡಿಯನ್ನು ಮಾರುವ ಮನಸ್ಸು ಇನ್ನೂ ಬಂದಿಲ್ಲ.

ಮುಂದಿನ ಜೋಡಿಗೆ ಒಂದೊಂದು ಕಾಲು ಎತ್ತಿಸಬೇಕು ಅಂತಿದ್ದೇನೆ. ಹಿರಿಯರಿಗೆ ಇನ್ನೂ ಹೇಳಿಲ್ಲ.