ತೋಳು ಮೊದಲು, ಡ್ರ್ಯಾಗನ್ ಆಮೇಲೆ

ಡ್ರ್ಯಾಗನ್ ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತ ಮನಸ್ಸಾದವರು ಮೊದಲು ಫೋನ್ ತೆಗೆದು ಚಿತ್ರ ಹುಡುಕುತ್ತಾರೆ. ನಾನು ಮೈಮೇಲೆ ಯಾವ ಜಾಗ ಕೊಡುತ್ತೇನೆ ಅನ್ನುವುದನ್ನು ಮೊದಲು ತೀರ್ಮಾನಿಸಿದೆ. ಹೂವನ್ನೋ ಹೆಸರನ್ನೋ ಎಲ್ಲಿ ಬೇಕಾದರೂ ಕೂರಿಸಬಹುದು. ಡ್ರ್ಯಾಗನ್ ಉದ್ದಕ್ಕೆ ಹರಿಯುವ ಪ್ರಾಣಿ. ಅದಕ್ಕೆ ಮೈ ಹೊರಳಿಸಲು ಜಾಗ ಸಾಲದಿದ್ದರೆ ಎಂಥ ಒಳ್ಳೆಯ ಚಿತ್ರವೂ ಹಲ್ಲಿಯ ಹಾಗೆ ಕಾಣುತ್ತದೆ.

ಬೆನ್ನು ಎಲ್ಲಕ್ಕಿಂತ ವಿಶಾಲ ಜಾಗ, ನಿಜ. ಆದರೆ ನನ್ನ ಡ್ರ್ಯಾಗನ್ ನನಗೇ ಕಾಣಬೇಕು ಅನ್ನುವುದು ನನ್ನ ಆಸೆ. ಪಕ್ಕೆಯಲ್ಲಿ ಚರ್ಮ ತೆಳು, ಕೆಳಗೇ ಮೂಳೆ, ನೋವು ಹೆಚ್ಚು. ಕೊನೆಗೆ ಎಡತೋಳಿಗೆ ಬಂದೆ: ಭುಜದಿಂದ ಹಿಡಿದು ಮೊಣಕೈಗಿಂತ ನಾಲ್ಕು ಬೆರಳು ಮೇಲಿನವರೆಗೆ. ಅರ್ಧ ತೋಳಿನ ಅಂಗಿ ಹಾಕಿದರೆ ಪೂರ್ತಿ ಮುಚ್ಚುತ್ತದೆ, ಆಫೀಸಿನಲ್ಲಿ ಯಾರೂ ಏನೂ ಕೇಳುವ ಹಾಗಿಲ್ಲ. ನನ್ನ ಚಿಕ್ಕಮ್ಮನ ಮಗನಿಗೂ ಇದೇ ಜಾಗದಲ್ಲಿ ಬೇಕಿತ್ತು. ಅವನು ಸೈನ್ಯದ ಭರ್ತಿಗೆ ತಯಾರಿ ನಡೆಸುತ್ತಿದ್ದಾನೆ. ಸೈನ್ಯ ಸೇರುವವರಿಗೆ ಮುಂಗೈಯ ಒಳಭಾಗ ಮತ್ತು ಅಂಗೈ ಹಿಂಭಾಗ ಬಿಟ್ಟು ಬೇರೆಲ್ಲೂ ಶಾಶ್ವತ ಹಚ್ಚೆ ಇರಬಾರದು. ಬುಡಕಟ್ಟು ಸಮುದಾಯದವರ ಸಾಂಪ್ರದಾಯಿಕ ಹಚ್ಚೆಗೆ ಮಾತ್ರ ವಿನಾಯಿತಿ. "ಅಣ್ಣಾ, ಕೆಲಸ ಮುಖ್ಯ" ಅಂತ ಅವನು ಆಸೆ ಬಿಟ್ಟ. ಸರಿಯಾದದ್ದನ್ನೇ ಮಾಡಿದ.

ತೋಳು ಅಂತಾದ ಮೇಲೆ ಶೈಲಿಯ ಪ್ರಶ್ನೆ ಅರ್ಧ ತಾನಾಗಿಯೇ ಬಗೆಹರಿಯಿತು. ಯೂರೋಪಿನ ಡ್ರ್ಯಾಗನ್‌ಗೆ ರೆಕ್ಕೆ ಇರುತ್ತದೆ. ರೆಕ್ಕೆ ಬಿಚ್ಚಲು ಅಗಲ ಬೇಕು, ಎದೆ ಅಥವಾ ಬೆನ್ನೇ ಆಗಬೇಕು. ತೋಳಿಗೆ ಒಪ್ಪುವುದು ಹಾವಿನಂಥ ಮೈಯ ಚೀನಾ, ಜಪಾನ್ ಡ್ರ್ಯಾಗನ್. ನಾನು ಜಪಾನಿನದನ್ನು ಆರಿಸಿಕೊಂಡೆ. ಅಲ್ಲಿನ ಚಿತ್ರಕಾರ ಉತಾಗಾವಾ ಕುನಿಯೋಶಿ 1827ರ ಸುಮಾರಿಗೆ ಸುಯಿಕೋಡೆನ್ ಅನ್ನುವ, ಚೀನಾದಿಂದ ಬಂದ ಹಳೆಯ ಸಾಹಸ ಕಥೆಯ ವೀರರನ್ನು ಮೈತುಂಬ ಹಚ್ಚೆ ಇರುವಂತೆ ಮರದಚ್ಚಿನ ಚಿತ್ರಗಳಲ್ಲಿ ತೋರಿಸಿದ. ಅವರಲ್ಲಿ ಒಬ್ಬ, ಒಂಬತ್ತು ಡ್ರ್ಯಾಗನ್‌ಗಳ ಶಿಶಿನ್. ಜಪಾನಿನ ಹಚ್ಚೆ ಕಲೆ ಇವತ್ತಿಗೂ ಆ ಚಿತ್ರಗಳಿಂದ ಪಾಠ ಕಲಿಯುತ್ತದೆ. ಅವನ್ನು ದೊಡ್ಡದು ಮಾಡಿ ನೋಡಿದರೆ ಒಂದು ವಿಷಯ ಹೊಳೆಯುತ್ತದೆ: ಈ ಶೈಲಿಯಲ್ಲಿ ಡ್ರ್ಯಾಗನ್ನಿನ ಇಡೀ ಮೈ ಒಟ್ಟಿಗೆ ಕಾಣಬೇಕಾಗಿಲ್ಲ. ಮೋಡದಲ್ಲೋ ಅಲೆಯಲ್ಲೋ ಮುಳುಗಿ ಇನ್ನೊಂದು ಕಡೆ ಏಳುತ್ತದೆ. ಹಿನ್ನೆಲೆಯ ಗಾಳಿ, ನೀರು, ಮೋಡಗಳೇ ಇಡೀ ತೋಳನ್ನು ಒಂದು ಚಿತ್ರವಾಗಿ ಹಿಡಿದು ನಿಲ್ಲಿಸುತ್ತವೆ.

ಚಿತ್ರ ಬರೆಸುವ ಮುಂಚೆ ಬೈಲುಕುಪ್ಪೆಗೆ ಹೋಗಿ ಬಂದೆ. ನಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದಲ್ಲಿ ಕಂಬಕ್ಕೆ ಸುತ್ತಿಕೊಂಡ ಡ್ರ್ಯಾಗನ್‌ಗಳಿವೆ. ಅವು ಟಿಬೆಟಿನವು, ನನಗೆ ಬೇಕಾದ ಶೈಲಿಯವಲ್ಲ, ಆದರೆ ತೋಳೂ ಕಂಬದ ಹಾಗೆ ದುಂಡಗೇ ಅಲ್ಲವೆ? ಚಪ್ಪಟೆ ಚಿತ್ರ ನೋಡಿ ತಿಳಿಯದ್ದು ಅಲ್ಲಿ ತಿಳಿಯಿತು. ಮೈ ಓರೆಯಾಗಿ ಏರಿದರೆ ಯಾವ ಕಡೆಯಿಂದ ನೋಡಿದರೂ ಒಂದು ತಿರುವು ಕಾಣುತ್ತದೆ. ಅಡ್ಡಡ್ಡ ಸುತ್ತಿದರೆ ಬರೀ ಪಟ್ಟಿಗಳು.

ಬೆಂಗಳೂರಿನ ಸ್ಟುಡಿಯೋದಲ್ಲಿ ಹೆಚ್ಚು ಹೊತ್ತು ಕೂತಿದ್ದು ಡ್ರ್ಯಾಗನ್ನಿನ ಮೈಮೇಲಿನ ಚಿಪ್ಪುಗಳ ಬಗ್ಗೆ ಮಾತಾಡುತ್ತಾ. ನಮ್ಮ ಅಜ್ಜಿಯ ಮುಂಗೈ ಹಚ್ಚೆ ಹಸಿರಾಗಿ ಹರಡಿದ್ದನ್ನು ನೋಡಿ ಬೆಳೆದವನು ನಾನು. ಬಣ್ಣ ಚರ್ಮದೊಳಗೆ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪವೇ ಹರಡುತ್ತದೆ. ಆದ್ದರಿಂದ ಸಣ್ಣ ಸಣ್ಣ ಚಿಪ್ಪು ಬೇಡವೇ ಬೇಡ ಅಂದೆ. ಕಲಾವಿದರು ಒಂದೊಂದು ಚಿಪ್ಪನ್ನೂ ಉಗುರಿನಷ್ಟು ಅಗಲ ಬರೆದರು. ಅಂಚಿಗೆ ದಪ್ಪ ಗೆರೆ, ಬುಡದಲ್ಲಿ ಗಾಢ ಕಪ್ಪು, ಅಲ್ಲಿಂದ ತೆಳುವಾಗುತ್ತಾ ಬಂದು ತುದಿಯಲ್ಲಿ ನನ್ನ ಚರ್ಮದ ಬಣ್ಣವೇ ಉಳಿಯುತ್ತದೆ. ಆ ಖಾಲಿ ಬಿಟ್ಟ ಜಾಗವೇ ಚಿಪ್ಪಿಗೆ ಹೊಳಪು ಕೊಡುವುದು.

ನನ್ನದು ಎಣ್ಣೆಗಪ್ಪು ಮೈ. ಹಚ್ಚೆಯ ಬಣ್ಣ ಕೂರುವುದು ಒಳಪದರದಲ್ಲಿ, ಚರ್ಮದ ಸ್ವಂತ ಬಣ್ಣ ಅದರ ಮೇಲೆ. ಹಾಗಾಗಿ ತಿಳಿ ಹಳದಿ, ತಿಳಿ ನೀಲಿ ನಮ್ಮಂಥವರಲ್ಲಿ ಮಂಕಾಗುತ್ತವೆ. ಕಪ್ಪು-ಬೂದು ಇಟ್ಟುಕೊಂಡು ನಾಲಿಗೆಗೂ ಬೆಂಕಿಗೂ ಮಾತ್ರ ಗಾಢ ಕೆಂಪು ಹಾಕಿಸಿದೆ. ಹೊಸದಾಗಿ ಹಾಕಿದಾಗ ತೆಗೆದ ಫೋಟೋ ಎಲ್ಲರದ್ದೂ ಚೆನ್ನಾಗಿರುತ್ತದೆ. ನಮ್ಮದೇ ಬಣ್ಣದ ಮೈಮೇಲೆ, ಮಾಗಿ ವರ್ಷವಾದ ಕೆಲಸದ ಫೋಟೋ ಕೇಳಿ ನೋಡಿ.

ಉಗುರುಗಳ ಲೆಕ್ಕವನ್ನೂ ಮೊದಲೇ ಮಾತಾಡಿಕೊಂಡೆವು. ಚೀನಾದ ಅರಸರ ಡ್ರ್ಯಾಗನ್‌ಗೆ ಐದು, ಜಪಾನಿನದಕ್ಕೆ ಸಾಮಾನ್ಯವಾಗಿ ಮೂರು. ನಮ್ಮದು ಎಲ್ಲ ಕಾಲಿಗೂ ಮೂರೇ.

ಸ್ಟೆನ್ಸಿಲ್, ಅಂದರೆ ಚಿತ್ರದ ಗೆರೆಗಳನ್ನು ಚರ್ಮಕ್ಕೆ ಇಳಿಸುವ ಹಾಳೆ, ಅಂಟಿಸುವಾಗ ಕುರ್ಚಿಯಲ್ಲಿ ಕೂರಬೇಡಿ. ನಾನು ಕನ್ನಡಿ ಮುಂದೆ ನಿಂತೆ. "ಕೈ ಸಡಿಲ ಬಿಡಿ, ಎದೆ ಉಬ್ಬಿಸ್ಬೇಡಿ" ಅಂದರು ಕಲಾವಿದರು. ನೇರಳೆ ಗೆರೆಗಳು ಮೂಡಿದವು. ಕೈ ಇಳಿಬಿಟ್ಟೆ, ಎತ್ತಿದೆ, ಮಡಚಿದೆ. ಭುಜದ ಗುಂಡಿನ ಮೇಲೆ ತಲೆ ಚೆನ್ನಾಗಿ ಕೂತಿತ್ತು, ದೃಷ್ಟಿ ಎದೆಯ ಕಡೆಗೆ. ಆದರೆ ಕಂಕುಳ ಪಕ್ಕದ ಚರ್ಮ ಪ್ರತಿ ಸಲವೂ ಜರುಗಿ ಅಲ್ಲಿದ್ದ ಉಗುರು ಸೊಟ್ಟಗಾಗುತ್ತಿತ್ತು. ಅಳಿಸಿ, ಕಾಲನ್ನು ಹೊರಗಡೆಗೆ ತಂದು, ಆ ಜಾಗಕ್ಕೆ ಮೋಡ ಇಟ್ಟರು. ಮೋಡ ಜರುಗಿದರೂ ಮೋಡವೇ.

ಮೊದಲು ಗೆರೆ, ಅದು ಮಾಗಿದ ಮೇಲೆ ನೆರಳು, ಕೊನೆಗೆ ಕೆಂಪು. ಸೂಜಿಯ ಪೊಟ್ಟಣವನ್ನು ಪ್ರತಿ ಸಲ ನನ್ನ ಕಣ್ಣೆದುರೇ ಒಡೆಸಿದೆ. ರಕ್ತದಾನ ಮಾಡುವವರಿಗೆ ಇನ್ನೊಂದು ಮಾತು: ಹಚ್ಚೆ ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತ ಕೊಡುವಂತಿಲ್ಲ. ಹಂತ ಹಂತವಾಗಿ ಹಾಕಿಸುವ ದೊಡ್ಡ ಕೆಲಸಕ್ಕೆ ಆ ವರ್ಷ ಶುರುವಾಗುವುದು ಕೊನೆಯ ಸಲ ಸೂಜಿ ತಗುಲಿದ ದಿನದಿಂದ. ನಾನು ಕೈ ಹಾಕುವ ಮುಂಚೆ ಒಮ್ಮೆ ಕೊಟ್ಟು ಬಂದೆ.